ದಮ್ಮಿನ ರೋಗಿ ಮನೆಗೆ ಹೋದ ಮೇಲೆ ಯಾರ ಹೊಣೆ? ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ, ಹಾಗೆಯೇ ಇದನ್ನು ಓದುವ ದಮ್ಮಿನ ರೋಗಿಗಳಿಗೆ, ಅವರ ಮನೆಯವರಿಗೆ ನಮಸ್ಕಾರಗಳು.

ನಾನು ದಾವಣಗೆರೆ ಭಾಗದ ಸರ್ಕಾರಿ ಆಸ್ಪತ್ರೆಗಳ ಮೆಡಿಸಿನ್ ವಾರ್ಡುಗಳಲ್ಲಿ ಕೆಲಸ ಮಾಡಿ ನಿವೃತ್ತಳಾದ ಸ್ಟಾಫ್ ನರ್ಸ್. ಶ್ವಾಸನಾಳಗಳು ಕಿರಿದಾಗಿ ವರ್ಷಗಟ್ಟಲೆ ಉಸಿರಾಟ ಕಷ್ಟವಾಗುವ, ವೈದ್ಯರು ಕೇಸ್‌ಶೀಟಿನಲ್ಲಿ ಸಿಒಪಿಡಿ ಎಂದು ಬರೆಯುವ, ನಮ್ಮ ಜನ ದಮ್ಮು, ಉಬ್ಬಸ, ಗೂರಲು ಎಂದೆಲ್ಲ ಕರೆಯುವ ಕಾಯಿಲೆಯ ಬಗ್ಗೆ ಬರೆಯುತ್ತಿದ್ದೇನೆ. ಅದರಲ್ಲೂ ಈ ಕಾಯಿಲೆ ಇದ್ದಕ್ಕಿದ್ದಂತೆ ಕೆರಳಿ, ರಾತ್ರೋರಾತ್ರಿ ಆಸ್ಪತ್ರೆಗೆ ಓಡುವಂತೆ ಮಾಡುತ್ತದಲ್ಲ, ಆ ಉಲ್ಬಣದ ಬಗ್ಗೆ. ನನಗೆ ಹೇಳಲಿಕ್ಕಿರುವುದು ಒಂದೇ ಮಾತು. ಯಾರಿಗೆ ಉಲ್ಬಣಿಸುತ್ತದೆ ಎಂಬುದು ಬಹಳ ಮಟ್ಟಿಗೆ ನಮಗೆ ಮೊದಲೇ ಗೊತ್ತಿರುತ್ತದೆ. ಅವರ ಹೆಸರು, ಊರು, ಫೋನ್ ನಂಬರು ನಮ್ಮ ಆಸ್ಪತ್ರೆಗಳ ಡಿಸ್ಚಾರ್ಜ್ ರಿಜಿಸ್ಟರಿನಲ್ಲೇ ಇವೆ. ಹಾಗಿದ್ದೂ ಅವರು ಮತ್ತೆ ಆಂಬುಲೆನ್ಸಿನಲ್ಲಿ ಬಂದಿಳಿಯುವ ತನಕ ಇಲಾಖೆ ಅವರ ಕಡೆ ತಿರುಗಿ ನೋಡುವುದಿಲ್ಲ.

ಕಾಯಿಲೆ ಎಷ್ಟು ದೊಡ್ಡದು ಎಂಬುದನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. 1990ರಲ್ಲಿ ಭಾರತದಲ್ಲಿ ಸುಮಾರು 2.8 ಕೋಟಿ ಸಿಒಪಿಡಿ ರೋಗಿಗಳಿದ್ದರು, 2016ರ ಹೊತ್ತಿಗೆ ಅದು 5.5 ಕೋಟಿ ಆಯಿತು. ಜಗತ್ತಿನ ಜನಸಂಖ್ಯೆಯಲ್ಲಿ ನಮ್ಮ ಪಾಲು ಶೇ 18. ದೀರ್ಘಕಾಲದ ಉಸಿರಾಟದ ಕಾಯಿಲೆಗಳಿಂದ ಜಗತ್ತು ಕಳೆದುಕೊಳ್ಳುವ ಆರೋಗ್ಯದ ವರ್ಷಗಳಲ್ಲಿ ನಮ್ಮ ಪಾಲು ಶೇ 32. ಬಿಪಿ, ಶುಗರ್ ಬಗ್ಗೆ ಊರೂರಲ್ಲಿ ಮಾತಾಡುತ್ತೇವೆ, ಮನೆಬಾಗಿಲಿಗೆ ಹೋಗಿ ಪರೀಕ್ಷೆ ಮಾಡುತ್ತೇವೆ. ಅದು ಒಳ್ಳೆಯದೇ. ದಮ್ಮಿನ ಪಾಲಿಗೆ ಮಾತ್ರ ಬರುವುದು ನೆಬುಲೈಸರ್ ಮತ್ತು ಶ್ವಾಸನಾಳ ಸಡಿಲಿಸುವ ಒಂದು ಡೆರಿಫಿಲಿನ್ ಇಂಜೆಕ್ಷನ್.

ಸಿಒಪಿಡಿ ರೋಗಿಗೆ ದಿನವೂ ಸ್ವಲ್ಪ ಏದುಸಿರು, ಕೆಮ್ಮು, ಕಫ ಇದ್ದೇ ಇರುತ್ತದೆ. ಅದರೊಂದಿಗೇ ಅವರು ಹೊಲಕ್ಕೆ ಹೋಗುತ್ತಾರೆ, ಎಮ್ಮೆ ಕಟ್ಟುತ್ತಾರೆ, ರೊಟ್ಟಿ ಬಡಿಯುತ್ತಾರೆ. ಅದು ಕೆಲವೇ ದಿನಗಳಲ್ಲಿ ಮಿತಿಮೀರಿ ಹೆಚ್ಚಾಗಿ, ಇರುವ ಔಷಧಿಗೆ ಬಗ್ಗದೆ ಹೋದರೆ ಅದೇ ಉಲ್ಬಣ. ಹೀಗಾದಾಗ ಕುಗ್ಗಿದ ಶಕ್ತಿ ಗುಣವಾದ ಮೇಲೂ ಎಲ್ಲರಿಗೂ ಪೂರ್ತಿ ವಾಪಸ್ ಬರುವುದಿಲ್ಲ. ಮಳೆಗಾಲಕ್ಕೆ ಮುಂಚೆ ಬಸ್‌ಸ್ಟ್ಯಾಂಡಿನ ತನಕ ನಡೆಯುತ್ತಿದ್ದವರು ಅಡ್ಮಿಟ್ ಆಗಿ ಬಂದ ಮೇಲೆ ಅಂಗಳ ದಾಟಲಾರದೆ ಉಳಿದುಬಿಡುವುದನ್ನು ಎಷ್ಟು ಮನೆಗಳು ಕಂಡಿಲ್ಲ!

ಇದು ಮೊದಲೇ ಗೊತ್ತಿರುತ್ತದೆ ಎಂದು ನಾನು ಹೇಳುವುದು ಬರೀ ವಾರ್ಡಿನ ಅನುಭವದಿಂದಲ್ಲ. ಎಕ್ಲಿಪ್ಸ್ ಎಂಬ ಹೆಸರಿನ ಅಂತರರಾಷ್ಟ್ರೀಯ ಅಧ್ಯಯನ ಎರಡು ಸಾವಿರಕ್ಕೂ ಹೆಚ್ಚು ಸಿಒಪಿಡಿ ರೋಗಿಗಳನ್ನು ಮೂರು ವರ್ಷ ಗಮನಿಸಿ 2010ರಲ್ಲಿ ಒಂದು ವಿಷಯವನ್ನು ಖಚಿತಪಡಿಸಿತು. ಮುಂದಿನ ವರ್ಷ ಯಾರಿಗೆ ಉಲ್ಬಣಿಸಬಹುದು ಎಂದು ಹೇಳುವ ಎಲ್ಲ ಗುರುತುಗಳಲ್ಲಿ ಅತಿ ಬಲವಾದದ್ದು, ಹಿಂದಿನ ವರ್ಷ ಅವರಿಗೆ ಉಲ್ಬಣಿಸಿತ್ತೇ ಎಂಬುದು. ಅದಕ್ಕೆ ದುಬಾರಿ ಯಂತ್ರ ಬೇಕಿಲ್ಲ, ರಕ್ತಪರೀಕ್ಷೆಯೂ ಬೇಕಿಲ್ಲ. 'ಹೋದ ವರ್ಷ ಅಡ್ಮಿಟ್ ಆಗಿದ್ರಾ?' ಎಂದು ಕೇಳಿದರೆ ಸಾಕು.

ಕೆನಡಾದ ಕ್ವಿಬೆಕ್ ಪ್ರಾಂತ್ಯದ 70,000ಕ್ಕೂ ಹೆಚ್ಚು ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2012ರಲ್ಲಿ ಪ್ರಕಟಿಸಿದ ಲೆಕ್ಕ ಇನ್ನೂ ಕಠಿಣವಾಗಿದೆ. ಮೊದಲ ಸಲ ಅಡ್ಮಿಟ್ ಆದವರಿಗೆ ಎರಡನೇ ಅಡ್ಮಿಶನ್ನಿನ ನಡುವೆ ಸರಾಸರಿ ಐದು ವರ್ಷದಷ್ಟು ಬಿಡುವು ಸಿಕ್ಕಿತ್ತು. ಆಮೇಲೆ ಆ ಬಿಡುವು ಕುಗ್ಗುತ್ತಲೇ ಹೋಗಿ, ಒಂಬತ್ತನೆಯದಕ್ಕೂ ಹತ್ತನೆಯದಕ್ಕೂ ನಡುವೆ ನಾಲ್ಕು ತಿಂಗಳೂ ಇರಲಿಲ್ಲ. ಮೊದಲ ಅಡ್ಮಿಶನ್ ಆಗಿ ಮೂರೂವರೆ ವರ್ಷ ಕಳೆಯುವ ಹೊತ್ತಿಗೆ ಹೆಚ್ಚುಕಡಿಮೆ ಅರ್ಧದಷ್ಟು ಜನ ತೀರಿಕೊಂಡಿದ್ದರು. ಅಡ್ಮಿಟ್ ಆದ ಮೇಲಿನ ಮೊದಲ ಮೂರು ತಿಂಗಳು ಎಲ್ಲಕ್ಕಿಂತ ಅಪಾಯದ ಕಾಲ. ಹೃದಯಾಘಾತವಾಗಿ ಬದುಕಿ ಬಂದವರನ್ನು ಮನೆಯವರು, ನೆಂಟರು, ವೈದ್ಯರು ಎಲ್ಲರೂ ಜೋಪಾನ ಮಾಡುತ್ತಾರೆ. ದಮ್ಮು ಕೆರಳಿ ಅಡ್ಮಿಟ್ ಆಗಿ ಬಂದವರಿಗೆ 'ಹುಷಾರಾದ್ರಲ್ಲ, ಇನ್ನೇನು' ಎನ್ನುತ್ತೇವೆ.

ಈಗ ಡಿಸ್ಚಾರ್ಜ್ ದಿನ ಏನಾಗುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಿ.

ಬೆಳಗಿನ ರೌಂಡ್ಸ್‌ನಲ್ಲಿ ಡಿಸ್ಚಾರ್ಜ್ ಬರೆಯುತ್ತಾರೆ. ಹೊಸ ರೋಗಿಗೆ ಬೆಡ್ ಬೇಕಾಗಿರುತ್ತದೆ. ಕಾರ್ಡಿನಲ್ಲಿ ಐದು ದಿನದ ಆಂಟಿಬಯೋಟಿಕ್, ಒಂದು ಕೆಮ್ಮಿನ ಸಿರಪ್, ಡೆರಿಫಿಲಿನ್ ಮಾತ್ರೆ, ಹೊರಗಿನ ಅಂಗಡಿಯಿಂದ ತರಬೇಕಾದ ರೋಟಾಕ್ಯಾಪ್, ಅಂದರೆ ಉಸಿರಿನ ಜೊತೆ ಎಳೆಯುವ ಪುಡಿ ತುಂಬಿದ ಕ್ಯಾಪ್ಸೂಲ್. ಎಲ್ಲ ಇಂಗ್ಲಿಷಿನಲ್ಲಿ. ಕೊನೆಯ ಸಾಲು 'ರಿವ್ಯೂ ಎಸ್‌ಒಎಸ್', ಅಂದರೆ ತೊಂದರೆಯಾದರೆ ಬನ್ನಿ. ಯಾವತ್ತು ಬರಬೇಕು, ಯಾರನ್ನು ಕಾಣಬೇಕು, ಯಾವ ಲಕ್ಷಣ ಕಂಡರೆ ಕಾಯಬಾರದು ಎಂಬುದು ಎಲ್ಲೂ ಇರುವುದಿಲ್ಲ. ಮಗ ಕಾರ್ಡನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ಬಸ್ಸು ಹತ್ತುತ್ತಾನೆ. ಔಷಧಿ ಅಂಗಡಿಯಲ್ಲಿ ಆಂಟಿಬಯೋಟಿಕ್, ಸಿರಪ್ ಕೊಳ್ಳುತ್ತಾರೆ. ರೋಟಾಕ್ಯಾಪಿಗೂ ಅದರ ಡಬ್ಬಿಗೂ ಸೇರಿ ಹೇಳುವ ರೇಟು ಕೇಳಿ 'ಮುಂದಿನ ವಾರ ತಗೊಂಡ್ರಾತು' ಎನ್ನುತ್ತಾರೆ. ದಿನಗೂಲಿಯವರ ಮನೆಯಲ್ಲಿ ತಿಂಗಳು ತಿಂಗಳು ಕೆಲವು ನೂರು ರೂಪಾಯಿಯೆಂದರೆ ಸಣ್ಣ ಮಾತಲ್ಲ.

ಕೊಂಡವರಾದರೂ ಸರಿಯಾಗಿ ಬಳಸುತ್ತಾರೆಯೇ? ರೋಟಾಕ್ಯಾಪ್ ನೋಡಲು ಮಾಮೂಲಿ ಕ್ಯಾಪ್ಸೂಲಿನ ಹಾಗೇ ಇರುತ್ತದೆ. ಅದನ್ನು ನೀರು ಕುಡಿದು ನುಂಗುತ್ತಿದ್ದ ಅಜ್ಜ ಅಜ್ಜಿಯರನ್ನು ನಾನು ವಾರ್ಡಿನಲ್ಲಿ ಕಂಡಿದ್ದೇನೆ. ಒಬ್ಬ ಅಜ್ಜಿ ತಿಂಗಳುಗಟ್ಟಲೆ ಹಾಗೆ ನುಂಗಿ, 'ಔಷಧಿ ಹತ್ತವಲ್ದು ಸಿಸ್ಟರ್' ಎಂದು ಕಣ್ಣೀರು ಹಾಕಿದ್ದರು. ತಪ್ಪು ಅವರದ್ದಲ್ಲ. ಕ್ಯಾಪ್ಸೂಲನ್ನು ಡಬ್ಬಿಗೆ ಸಿಕ್ಕಿಸಿ, ತಿರುಗಿಸಿ ಒಡೆದು, ಮೊದಲು ಎದೆಯಲ್ಲಿನ ಉಸಿರನ್ನು ಪೂರ್ತಿ ಹೊರಬಿಟ್ಟು, ತುಟಿ ಬಿಗಿದು ಜೋರಾಗಿ ಒಳಗೆಳೆದು, ಹತ್ತು ಎಣಿಸುವ ತನಕ ಉಸಿರು ಹಿಡಿಯಬೇಕು ಎಂದು ಯಾರೂ ಕೂತು ತೋರಿಸಿರಲಿಲ್ಲ. ಎಳೆದಾದ ಮೇಲೆ ಡಬ್ಬಿ ತೆಗೆದು ಪುಡಿ ಉಳಿದಿದೆಯೇ ನೋಡಬೇಕು, ಉಳಿದಿದ್ದರೆ ಇನ್ನೊಮ್ಮೆ ಎಳೆಯಬೇಕು. ಸ್ಟಿರಾಯ್ಡ್ ಇರುವ ಔಷಧಿಯಾದರೆ ಆಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲದಿದ್ದರೆ ಬಾಯಿಹುಣ್ಣು, ಬಿಳಿ ಅಗ್ರ. ಜೋರಾಗಿ ಎಳೆಯುವ ತ್ರಾಣವೇ ಇಲ್ಲದವರಿಗೆ ಪುಡಿ ಎದೆಗೆ ಇಳಿಯುವುದಿಲ್ಲ, ಅವರಿಗೆ ಸ್ಪೇಸರ್ ಎಂಬ ಕೊಳವೆಡಬ್ಬಿ ಹಾಕಿದ ಪಂಪೇ ಬೇಕು. ಇಷ್ಟನ್ನೂ ಕಲಿಸಲು ಹತ್ತು ನಿಮಿಷ ಸಾಕು. ಆದರೆ ಆ ಹತ್ತು ನಿಮಿಷ ಯಾರ ಡ್ಯೂಟಿಯಲ್ಲೂ ಬರೆದಿಲ್ಲ.

ಇನ್ನೊಂದು ನಂಬಿಕೆ ಊರೂರಲ್ಲೂ ಇದೆ: 'ಪಂಪ್ ಹಚ್ಚಿಕೊಂಡರೆ ಚಟ ಆಗ್ತದೆ, ಆಮೇಲೆ ಬಿಡಕ್ಕಾಗಲ್ಲ.' ಹಾಗಾಗಿ ಸ್ವಲ್ಪ ಹಗುರವಾದ ಕೂಡಲೇ ನಿಲ್ಲಿಸುತ್ತಾರೆ. ದಯವಿಟ್ಟು ಕೇಳಿ, ಇನ್‌ಹೇಲರ್ ಚಟವಲ್ಲ. ಮಾತ್ರೆ ನುಂಗಿದರೆ ಔಷಧಿ ಮೈಯೆಲ್ಲ ಸುತ್ತಬೇಕು. ಉಸಿರಿನ ಜೊತೆ ಎಳೆದರೆ ಬಹಳ ಕಡಿಮೆ ಪ್ರಮಾಣದ ಔಷಧಿ ನೇರ ಶ್ವಾಸನಾಳಕ್ಕೆ ಹೋಗುತ್ತದೆ. ದಿನವೂ ತೆಗೆದುಕೊಳ್ಳಬೇಕಾದ ಇನ್‌ಹೇಲರನ್ನು ನಿಲ್ಲಿಸುವುದೇ ದಮ್ಮು ಕೆರಳಲು ಒಂದು ಮುಖ್ಯ ಕಾರಣ.

ಸಚಿವರೇ, ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬಿಪಿ, ಶುಗರ್ ಮಾತ್ರೆ ತಿಂಗಳಿಗಾಗುವಷ್ಟು ಕೊಡುವ ಪದ್ಧತಿ ಬಂದಿದೆ. ಅದೇ ಕೌಂಟರಿನಲ್ಲಿ ಇನ್‌ಹೇಲರ್ ಯಾಕೆ ಕೊಡಬಾರದು? ಸಾಲ್ಬುಟಮಾಲ್, ಇಪ್ರಾಟ್ರೋಪಿಯಂ, ಬುಡೆಸೊನೈಡ್‌–ಫಾರ್ಮೊಟೆರಾಲ್ ಎಲ್ಲವೂ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲೇ ಇವೆ. ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದ 2023ರ ಮಾರ್ಗಸೂಚಿ ಸಿಒಪಿಡಿಯನ್ನೂ ಅಸ್ತಮಾವನ್ನೂ ತನ್ನ ವ್ಯಾಪ್ತಿಗೆ ತೆಗೆದುಕೊಂಡಿದೆ. ಕಾಗದದಲ್ಲಿ ದಾರಿ ಸಿದ್ಧವಾಗಿದೆ. ಆಸ್ಪತ್ರೆಗಳು ಔಷಧಿ ಕೇಳಿ ಕಳಿಸುವ ಇಂಡೆಂಟಿನಲ್ಲಿ ಆ ಸಾಲುಗಳು ಸೇರಬೇಕು, ತಿಂಗಳು ತಪ್ಪದೆ ಸ್ಟಾಕ್ ಇರಬೇಕು, ಅಷ್ಟೆ.

ಇನ್ನು ಹೊಗೆಯ ಮಾತು. ಇದನ್ನು ತುಸು ವಿವರವಾಗಿಯೇ ಹೇಳಬೇಕು, ಯಾಕೆಂದರೆ ಇಲ್ಲಿ ನಮ್ಮ ಹೆಣ್ಣುಮಕ್ಕಳು ಲೆಕ್ಕದಿಂದಲೇ ಹೊರಗುಳಿದಿದ್ದಾರೆ.

ಹೆಂಗಸೊಬ್ಬಳು ಏದುಸಿರು ಬಿಡುತ್ತಾ ಬಂದರೆ ಓಪಿಡಿಯಲ್ಲಿ ಕೇಳುವ ಪ್ರಶ್ನೆ, 'ಬೀಡಿ ಸಿಗರೇಟ್ ಏನಾದ್ರೂ ಇದೆಯಾ?' ಇಲ್ಲ ಎನ್ನುತ್ತಾಳೆ. ಹೊಗೆ ಇಲ್ಲ ಎಂದು ಬರೆದಾಯಿತು. ನಲವತ್ತು ವರ್ಷ ಒಲೆ ಊದಿದ್ದು ಹೊಗೆಯಲ್ಲವೇ? ನಮ್ಮ ದೇಶದಲ್ಲಿ ಸಿಒಪಿಡಿಯಿಂದಾಗುವ ಆರೋಗ್ಯನಷ್ಟದಲ್ಲಿ ಅರ್ಧಕ್ಕಿಂತ ಹೆಚ್ಚು, ಶೇ 53.7ರಷ್ಟು, ಮನೆಯ ಒಳಗಿನ ಮತ್ತು ಹೊರಗಿನ ವಾಯುಮಾಲಿನ್ಯದ ಲೆಕ್ಕಕ್ಕೆ ಹೋಗುತ್ತದೆ. ತಂಬಾಕಿನ ಪಾಲು ಶೇ 25.4. ಮೈಸೂರು ಭಾಗದ ಹಳ್ಳಿಗಳಲ್ಲಿ ಅಧ್ಯಯನ ಮಾಡಿದವರು ಸರಳವಾದ ಒಂದು ಲೆಕ್ಕ ಹಾಕಿದ್ದರು. ದಿನಕ್ಕೆ ಎಷ್ಟು ಗಂಟೆ ಒಲೆ ಮುಂದೆ ಕೂರುತ್ತೀರಿ ಎಂಬುದನ್ನು ಎಷ್ಟು ವರ್ಷದಿಂದ ಎಂಬುದರಿಂದ ಗುಣಿಸುವುದು. ಅದು 60 ದಾಟಿದವರಲ್ಲಿ ದೀರ್ಘಕಾಲದ ಬ್ರಾಂಕೈಟಿಸ್ ಗಮನಾರ್ಹವಾಗಿ ಹೆಚ್ಚಿತ್ತು. ದಿನಕ್ಕೆ ಮೂರು ಗಂಟೆಯಂತೆ 20 ವರ್ಷ ಅಡುಗೆ ಮಾಡಿದರೆ 60 ಆಗಿಹೋಯಿತು. ನಮ್ಮ ಅವ್ವಂದಿರಲ್ಲಿ ಅಷ್ಟು ಮಾಡದವರು ಯಾರಿದ್ದಾರೆ?

'ಈಗ ಎಲ್ಲರ ಮನೆಗೂ ಗ್ಯಾಸ್ ಬಂದಿದೆಯಲ್ಲ' ಎಂದು ಕೇಳಬಹುದು. ನಿಜ. 2016ರ ಉಜ್ವಲ ಯೋಜನೆ, ಆಮೇಲೆ ನಮ್ಮ ರಾಜ್ಯದ್ದೇ ಅನಿಲಭಾಗ್ಯ ಎಲ್ಲ ಬಂದವು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹತ್ತು ಮನೆಗಳಲ್ಲಿ ಸುಮಾರು ಎಂಟರಲ್ಲಿ ಅಡುಗೆಗೆ ಮುಖ್ಯವಾಗಿ ಬಳಸುವುದು ಹೊಗೆಯಿಲ್ಲದ ಇಂಧನ. ಆದರೆ ಆ ಲೆಕ್ಕ ಅಡುಗೆಮನೆಯದ್ದು ಮಾತ್ರ. ಬಚ್ಚಲ ಒಲೆಯನ್ನು ಯಾರೂ ಎಣಿಸಿಲ್ಲ.

ಬೆಳಗಿನ ಜಾವ ಐದಕ್ಕೆ ಯಾವ ಹಳ್ಳಿಯಲ್ಲಿ ಬೇಕಾದರೂ ನಡೆದುಹೋಗಿ, ಬಚ್ಚಲ ಗೋಡೆಯ ಕಿಂಡಿಗಳಿಂದ ಹೊಗೆ ಹೊರಬರುತ್ತಿರುತ್ತದೆ. ಮನೆಮಂದಿಗೆಲ್ಲ ಬಿಸಿನೀರು ಆಗಬೇಕು. ಅದಕ್ಕೆ ಸಿಲಿಂಡರ್ ಖರ್ಚು ಮಾಡಲು ಯಾರೂ ಒಪ್ಪುವುದಿಲ್ಲ. ಹಂಡೆಗೆ ಉರಿ ಹಾಕುವ ಕೆಲಸ ಸಾಮಾನ್ಯವಾಗಿ ಮನೆಯ ಹಿರಿಯ ಹೆಂಗಸಿಗೇ ಬರುತ್ತದೆ, ಯಾಕೆಂದರೆ ಅವಳಿಗೆ ನಸುಕಿನಲ್ಲೇ ಎಚ್ಚರ, ಬಗ್ಗಿ ಮಾಡುವ ಬೇರೆ ಕೆಲಸ ಅವಳ ಕೈಲಾಗುವುದಿಲ್ಲ. ತೆಂಗಿನ ಮಟ್ಟೆ, ಮೆಕ್ಕೆಜೋಳದ ಬೆಂಡು, ಹತ್ತಿಕಟ್ಟಿಗೆ, ಉರಿ ಹತ್ತಿಸಲು ಒಂದು ಚೂರು ಪ್ಲಾಸ್ಟಿಕ್. ಮಳೆಗಾಲದಲ್ಲಿ ಸೌದೆ ಹಸಿಯಾಗಿರುತ್ತದೆ. ಊದುಗೊಳವೆ ಹಿಡಿದು ಊದಬೇಕು, ಊದಿದಷ್ಟೂ ಹೊಗೆ ಎದೆಗೇ ಬರುತ್ತದೆ. ಆಸ್ಪತ್ರೆಯಲ್ಲಿ ಒಂದು ವಾರ ಆಕ್ಸಿಜನ್ ಮೇಲಿದ್ದು ಬಂದ ಹೆಂಗಸು ಮಾರನೇ ದಿನವೇ ಅದೇ ಒಲೆಯ ಮುಂದೆ ಕೂತಿರುತ್ತಾಳೆ. ನಾವು ಎದೆಯ ಕಫ ತೆಗೆದು ಕಳಿಸಿದ್ದು ಇದಕ್ಕಾಗಿಯೇ?

ಇಲ್ಲಿ ಸರ್ಕಾರದ ಕೈಲಿ ಒಂದು ಹತ್ಯಾರು ಆಗಲೇ ಇದೆ. ಆಶಾ ಕಾರ್ಯಕರ್ತೆಯರು ಮೂವತ್ತು ದಾಟಿದವರ ಮನೆಗೆ ಹೋಗಿ ತುಂಬುವ ಸಿಬ್ಯಾಕ್ ಫಾರಂನಲ್ಲಿ ಸಿಒಪಿಡಿ ಅಪಾಯದ ಬಗ್ಗೆಯೇ ಒಂದು ಭಾಗವಿದೆ. ಅಡುಗೆಗೆ ಏನು ಉರಿಸುತ್ತೀರಿ, ಇಟ್ಟಿಗೆ ಗೂಡಿನಂತಹ ಹೊಗೆ ಧೂಳಿನ ಜಾಗದಲ್ಲಿ ಕೆಲಸವೇ, ಬೆಳೆಯ ಉಳಿಕೆ ಅಥವಾ ಕಸ ಸುಡುತ್ತೀರಾ ಎಂದೆಲ್ಲ ಕೇಳುತ್ತದೆ. ಪಾಪ, ಆ ಹೆಣ್ಣುಮಕ್ಕಳು ನಿಯತ್ತಾಗಿ ತುಂಬುತ್ತಾರೆ. ಆಮೇಲೆ ಆ ಉತ್ತರದಿಂದ ಏನಾಯಿತು? ಹೊಗೆಯ ಮುಂದೆ ಕೂರುವವಳಿಗೆ ಸ್ಪೈರೋಮೆಟ್ರಿ ಆಗಬೇಕು, ಅಂದರೆ ಒಂದು ಕೊಳವೆಗೆ ಜೋರಾಗಿ ಊದಿಸಿ ಶ್ವಾಸಕೋಶದ ಬಲ ಅಳೆಯುವ ಪರೀಕ್ಷೆ. ಅದು ತಾಲ್ಲೂಕು ಆಸ್ಪತ್ರೆಯಲ್ಲಿ ಸಿಗಬೇಕು. ಜಿಲ್ಲಾ ಕೇಂದ್ರಕ್ಕೋ ಬೆಂಗಳೂರಿಗೋ ಹೋಗಿ ಮಾಡಿಸಿಕೊಳ್ಳಿ ಎಂದರೆ ನೂರರಲ್ಲಿ ಒಬ್ಬರು ಹೋದಾರು. ಫಾರಂನಲ್ಲಿ ಇನ್ನೊಂದು ಪ್ರಶ್ನೆ ಸೇರಿಸಿ: 'ನೀರು ಕಾಯಿಸುವುದು ಹೇಗೆ?' ಉಲ್ಬಣಗೊಂಡು ಅಡ್ಮಿಟ್ ಆದವರ ಮನೆಗೆ ಸೋಲಾರ್ ವಾಟರ್ ಹೀಟರಿಗೋ ಹೊಗೆ ಕೊಳವೆ ಇರುವ ಹಂಡೆ ಒಲೆಗೋ ಪಂಚಾಯಿತಿಯಿಂದ ಸಹಾಯಧನ ಕೊಡಿಸಿ. ಒಂದು ಅಡ್ಮಿಶನ್ನಿಗೆ ಸರ್ಕಾರಕ್ಕೂ ಮನೆಯವರಿಗೂ ಆಗುವ ಖರ್ಚಿನ ಮುಂದೆ ಅದು ದೊಡ್ಡದಲ್ಲ.

ಮನೆಯವರಿಗೂ ನನ್ನ ಕೋರಿಕೆ. ಅವ್ವನಿಗೆ ದಮ್ಮಿದ್ದರೆ ಬೆಳಗಿನ ಒಲೆಯನ್ನು ಬೇರೆ ಯಾರಾದರೂ ಹಚ್ಚಿ. ಅವರು ಮಲಗುವ ಕೋಣೆಯಲ್ಲಿ ಸೊಳ್ಳೆಬತ್ತಿ ಹಚ್ಚಬೇಡಿ, ಪರದೆ ಕಟ್ಟಿ. ಒಂದು ಸೊಳ್ಳೆಬತ್ತಿ ಪೂರ್ತಿ ಉರಿದರೆ ಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿನ ಹೊಗೆಗೆ ಸಮ ಎಂದು 2003ರಲ್ಲೇ ಅಳೆದು ತೋರಿಸಿದ್ದಾರೆ. ಸಾಂಬ್ರಾಣಿ ಹೊಗೆಯೂ ಅವರಿಗೆ ಆಗಿಬರುವುದಿಲ್ಲ. ದೇವರ ಮನೆಯಲ್ಲಿ ದೀಪ ಹಚ್ಚಿ, ದೇವರು ಬೇಡವೆನ್ನುವುದಿಲ್ಲ. ಬೀಡಿ ಸೇದುವ ಗಂಡಸರು ಮನೆಯಲ್ಲಿದ್ದರೆ ಅವರೂ ಬಿಡಬೇಕು, ರೋಗಿಯೇ ಸೇದುತ್ತಿದ್ದರೆ ಬಿಡುವುದಕ್ಕಿಂತ ದೊಡ್ಡ ಔಷಧಿ ಬೇರೆ ಇಲ್ಲ. ತಂಬಾಕು ಪೊಟ್ಟಣಗಳ ಮೇಲೇ ಅಚ್ಚಾಗಿರುವ 1800-11-2356 ಉಚಿತ ಸಹಾಯವಾಣಿ.

ದಮ್ಮು ಕೆರಳಿಸುವುದರಲ್ಲಿ ಎಲ್ಲಕ್ಕಿಂತ ಮುಂದಿರುವುದು ಸೋಂಕು. ಅದರಲ್ಲೂ ವೈರಸ್‌ಗಳು. ಮನೆಯಲ್ಲಿ ಮೊಮ್ಮಗನಿಗೆ ಎರಡು ದಿನದ ನೆಗಡಿ, ಅದೇ ನೆಗಡಿ ಅಜ್ಜನ ಎದೆಗೆ ಇಳಿದರೆ ಹತ್ತು ದಿನದ ಅಡ್ಮಿಶನ್. ಮಾಮೂಲಿ ನೆಗಡಿಯ ರೈನೋವೈರಸ್, ಫ್ಲೂ, ಆರ್‌ಎಸ್‌ವಿ, ಇವುಗಳ ಬೆನ್ನಿಗೇ ನ್ಯುಮೋಕಾಕಸ್‌ನಂತಹ ಬ್ಯಾಕ್ಟೀರಿಯಾ. ಚಳಿಗಾಲವೊಂದೇ ಅಪಾಯ ಎಂದು ಬಹಳ ಜನ ತಿಳಿದಿದ್ದಾರೆ. ದಕ್ಷಿಣ ಭಾರತದಲ್ಲಿ ಮಳೆ ಹಿಡಿದ ಮೇಲೂ ಫ್ಲೂ ಏರುತ್ತದೆ. ಆದ್ದರಿಂದ ಫ್ಲೂ ಲಸಿಕೆ ಏಪ್ರಿಲ್‌, ಮೇ ತಿಂಗಳಲ್ಲಿ, ಮುಂಗಾರಿಗೆ ಮೊದಲೇ ಬೀಳಬೇಕು, ಪ್ರತಿ ವರ್ಷ ಬೀಳಬೇಕು. ಇದು ಬೇಕು ಎಂಬುದರಲ್ಲಿ ತಜ್ಞರಿಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ದೊಡ್ಡವರಿಗೆ ಅದು ರಾಷ್ಟ್ರೀಯ ಲಸಿಕಾ ಕಾರ್ಯಕ್ರಮದಲ್ಲಿಲ್ಲ. ಖಾಸಗಿಯಲ್ಲಿ ಹಾಕಿಸಿಕೊಳ್ಳಲು ಸಾವಿರ ರೂಪಾಯಿಗೂ ಮೀರುತ್ತದೆ. ನ್ಯುಮೋಕಾಕಲ್ ಲಸಿಕೆಯನ್ನು 2021ರಿಂದ ದೇಶದಾದ್ಯಂತ ಮಕ್ಕಳಿಗೆ ಉಚಿತವಾಗಿ ಕೊಡುತ್ತಿದ್ದೇವೆ, ತುಂಬಾ ಒಳ್ಳೆಯ ಕೆಲಸ. ಅಜ್ಜ ಅಜ್ಜಿಯರಿಗೆ ಯಾರು ಕೊಡುತ್ತಾರೆ?

ರಾಜ್ಯದ ಎಲ್ಲ ಹಿರಿಯರಿಗೂ ನಾಳೆಯೇ ಹಾಕಿಸಿ ಎಂದು ನಾನು ಕೇಳುತ್ತಿಲ್ಲ, ಅಷ್ಟು ದುಡ್ಡು ಒಮ್ಮೆಗೇ ಹುಟ್ಟುವುದಿಲ್ಲವೆಂದು ನನಗೂ ಗೊತ್ತು. ಹಿಂದಿನ ಒಂದು ವರ್ಷದಲ್ಲಿ ದಮ್ಮು ಉಲ್ಬಣಿಸಿ ಸರ್ಕಾರಿ ಆಸ್ಪತ್ರೆಯಲ್ಲಿ ಅಡ್ಮಿಟ್ ಆದವರಿಗೆ ಮಾತ್ರವಾದರೂ ಹಾಕಿಸಿ. ಪಟ್ಟಿ ನಿಮ್ಮಲ್ಲೇ ಇದೆ. ಕೋವಿಡ್ ಕಾಲದಲ್ಲಿ ಇದೇ ಇಲಾಖೆ, ಇದೇ ಆಶಾ, ಇದೇ ಎಎನ್‌ಎಂಗಳು ಹೊಲಗದ್ದೆಗೂ ಹೋಗಿ ಲಸಿಕೆ ಹಾಕಿಬಂದಿದ್ದಾರೆ.

ಇನ್ನು ಧೂಳು. ನಮ್ಮ ದಾವಣಗೆರೆಯ ಮಂಡಕ್ಕಿ ಇಡೀ ನಾಡಿಗೆ ಹೆಸರುವಾಸಿ. ಮಂಡಕ್ಕಿ ಭಟ್ಟಿಗಳಲ್ಲಿ ಕೆಲಸ ಮಾಡುವವರ ಎದೆ ಹೇಗಿದೆ ಎಂದು ಕೇಳಿದವರು ಕಡಿಮೆ. ಭಟ್ಟಿಯ ಕಾವು, ಹೊಗೆ, ಉಮಿಯ ಬೂದಿ, ಬಿಸಿ ಮರಳಿನ ಧೂಳು ಎಲ್ಲವೂ ಒಂದೇ ತಗಡಿನ ಸೂರಿನಡಿ. ಅಕ್ಕಿ ಗಿರಣಿ, ಹತ್ತಿ ಜಿನ್ನಿಂಗ್, ಕಲ್ಲು ಕ್ವಾರಿ, ಕ್ರಷರ್, ಹುಣಸೂರು ಪಿರಿಯಾಪಟ್ಟಣದ ತಂಬಾಕು ಹದ ಮಾಡುವ ಬ್ಯಾರನ್‌ಗಳು, ಇಟ್ಟಿಗೆ ಗೂಡು, ಎಲ್ಲ ಕಡೆಯೂ ಇದೇ ಕಥೆ. ಸಿಒಪಿಡಿ ಇರುವ ಕೂಲಿಯವರು ಚೇತರಿಸಿಕೊಂಡ ವಾರದಲ್ಲೇ ಅಲ್ಲಿಗೆ ವಾಪಸ್ ಹೋಗುತ್ತಾರೆ, ಹೋಗದಿದ್ದರೆ ಒಲೆ ಉರಿಯುವುದಿಲ್ಲ. ಕಾರ್ಮಿಕ ಇಲಾಖೆಯವರೂ ಈ ಪತ್ರ ಓದಲಿ ಎಂದು ಬಯಸುತ್ತೇನೆ. ಊರಿನ ಗಾಳಿಯೂ ಸೇರಿಕೊಳ್ಳುತ್ತದೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ನಮ್ಮ ರಾಜ್ಯದಿಂದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ–ಧಾರವಾಡ, ಕಲಬುರಗಿ ಇವೆ. ರಸ್ತೆ ಬದಿ ಕಸಕ್ಕೆ ಬೆಂಕಿ ಇಡುವುದು, ಸುಗ್ಗಿಯಲ್ಲಿ ಕಬ್ಬಿನ ರವದಿ ಸುಡುವುದು, ದೀಪಾವಳಿಯ ಪಟಾಕಿ, ಇವುಗಳ ಮಾರನೇ ದಿನ ನೆಬುಲೈಸರ್ ಮುಂದೆ ಸಾಲು ಬೆಳೆಯುವುದನ್ನು ಯಾವ ಕ್ಯಾಶುವಾಲಿಟಿ ನರ್ಸನ್ನು ಕೇಳಿದರೂ ಹೇಳುತ್ತಾರೆ.

ಒಂದು ವಿಷಯ ಜನರಿಗೆ ಗೊತ್ತಿಲ್ಲ, ಆಸ್ಪತ್ರೆಯವರೂ ಗಡಿಬಿಡಿಯಲ್ಲಿ ಮರೆಯುತ್ತಾರೆ. ಉಲ್ಬಣಗೊಂಡ ಸಿಒಪಿಡಿ ರೋಗಿಗೆ ಆಕ್ಸಿಜನ್ ಅತಿಯಾದರೂ ಅಪಾಯ. ಕೆಲವರ ಮೈಯಲ್ಲಿ ಇಂಗಾಲದ ಡೈಆಕ್ಸೈಡ್ ಏರಿ, ಮಂಪರು ಹತ್ತಿ, ಉಸಿರೇ ಮಂದವಾಗುತ್ತದೆ. ಬೆರಳಿನ ಆಕ್ಸಿಮೀಟರಿನಲ್ಲಿ 88ರಿಂದ 92ರ ಒಳಗೆ ಇಟ್ಟುಕೊಳ್ಳುವಷ್ಟು ಮಾತ್ರ ಕೊಡಬೇಕು. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಆಂಬುಲೆನ್ಸ್ ಹಂತದಿಂದಲೇ ಹೀಗೆ ಅಳೆದು ಕೊಟ್ಟಾಗ, ಜೋರಾಗಿ ಕೊಟ್ಟವರಿಗಿಂತ ಸಾವು ಅರ್ಧಕ್ಕೂ ಕಡಿಮೆಯಾಯಿತು ಎಂದು 2010ರಲ್ಲಿ ವರದಿಯಾಯಿತು. ನಮ್ಮ 108 ಸಿಬ್ಬಂದಿಗೆ ಇದೊಂದು ಪಾಠವನ್ನು ಮತ್ತೆ ಮತ್ತೆ ಕಲಿಸಿ. ಸಿಒಪಿಡಿ ರೋಗಿಗಳ ಕೈಗೆ '88–92' ಎಂದು ಕನ್ನಡದಲ್ಲಿ ಅಚ್ಚು ಮಾಡಿದ ಕಾರ್ಡು ಕೊಡಿ, ಆಂಬುಲೆನ್ಸಿನವರು ಕಂಡಕೂಡಲೇ ತಿಳಿಯುವಂತೆ. ಮುಖಕ್ಕೆ ಕಟ್ಟಿ ಉಸಿರಿಗೆ ಬಲ ಕೊಡುವ ಬೈಪ್ಯಾಪ್ ಯಂತ್ರ ತಾಲ್ಲೂಕು ಆಸ್ಪತ್ರೆಯಲ್ಲೂ ಇದ್ದು, ಅದನ್ನು ನಡೆಸಬಲ್ಲವರೂ ರಾತ್ರಿ ಪಾಳಿಯಲ್ಲಿದ್ದರೆ ಎಷ್ಟೋ ಜನರ ಗಂಟಲಿಗೆ ಟ್ಯೂಬ್ ಹಾಕುವುದು ತಪ್ಪುತ್ತದೆ.

ಅಪಾಯ ಹೆಚ್ಚಿಸುವ ಸಂಗತಿಗಳು ಇನ್ನೂ ಇವೆ. ಹೃದಯದ ತೊಂದರೆ, ತೀರಾ ಬಡಕಲಾದ ಮೈ, ಹುಳಿತೇಗು ಎದೆಯುರಿ, ಹಿಂದೆ ಟಿಬಿಯಾಗಿ ಹಾಳಾದ ಶ್ವಾಸಕೋಶ, ಮನಸ್ಸಿನ ಕೊರಗು. ಟಿಬಿ ವಾಸಿಯಾಗಿದೆ ಎಂದು ಕಾರ್ಡು ಮುಚ್ಚಿದ ಮೇಲೂ ಏದುಸಿರು ಉಳಿದವರನ್ನು ಎದೆರೋಗದ ವೈದ್ಯರು ನೋಡಲೇಬೇಕು. ಕೊರಗಿನ ಬಗ್ಗೆ ಒಂದು ಮಾತು. ಉಸಿರು ಸಿಗದೆ ಹೋದೀತೆಂಬ ಭಯಕ್ಕೆ ರೋಗಿಗಳು ನಡೆಯುವುದನ್ನೇ ಬಿಡುತ್ತಾರೆ, ನಡೆಯದೆ ಸ್ನಾಯು ಸೊರಗುತ್ತದೆ, ಸೊರಗಿದ ಮೇಲೆ ನಾಲ್ಕು ಹೆಜ್ಜೆಗೇ ಏದುಸಿರು. ದಿನವೂ ಸಮತಟ್ಟಾದ ಜಾಗದಲ್ಲಿ ಆದಷ್ಟು ನಡೆಯುವುದು, ತುಟಿ ಕಿರಿದು ಮಾಡಿ ನಿಧಾನವಾಗಿ ಉಸಿರು ಬಿಡುವುದು, ಹೊಟ್ಟೆಗೆ ಬೇಳೆ, ಮೊಟ್ಟೆ, ಹಾಲು ಬೀಳುವುದು, ಇವೂ ಚಿಕಿತ್ಸೆಯೇ. ಇವನ್ನು ಹೇಳಿಕೊಡಲು ಫಿಸಿಯೋಥೆರಪಿಸ್ಟ್ ಬೇಕು.

ಮನೆಯವರೇ, ಕಾಯಬಾರದ ಲಕ್ಷಣಗಳನ್ನು ದಯವಿಟ್ಟು ನೆನಪಿಡಿ. ಕಫದ ಬಣ್ಣ ಬಿಳಿಯಿಂದ ಹಳದಿಗೋ ಹಸಿರಿಗೋ ತಿರುಗಿದರೆ, ಕಫ ಹೆಚ್ಚಾದರೆ, ನಿನ್ನೆ ಮಾಡಿದ ಕೆಲಸ ಇವತ್ತು ಏದುಸಿರಿನಿಂದ ಆಗದಿದ್ದರೆ, ತಕ್ಷಣ ಆರಾಮ ಕೊಡುವ ಪಂಪನ್ನು ಪದೇ ಪದೇ ಹಚ್ಚಬೇಕಾಗಿ ಬಂದರೆ ಅದೇ ದಿನ ವೈದ್ಯರಿಗೆ ತೋರಿಸಿ. 'ಎರಡು ದಿನ ನೋಡೋಣ' ಎನ್ನಬೇಡಿ, ಚಿಕಿತ್ಸೆ ತಡವಾದಷ್ಟೂ ಚೇತರಿಕೆಯೂ ತಡ. ಬೇಗ ಹೋದರೆ ಎಷ್ಟೋ ಸಲ ಐದು ದಿನದ ಸ್ಟಿರಾಯ್ಡ್ ಮಾತ್ರೆ, ಕಫ ಬಣ್ಣಗೆಟ್ಟಿದ್ದರೆ ಆಂಟಿಬಯೋಟಿಕ್, ಇಷ್ಟರಲ್ಲೇ ಹತೋಟಿಗೆ ಬರುತ್ತದೆ. ಆದರೆ ಹಳೇ ಚೀಟಿ ತೋರಿಸಿ ಅಂಗಡಿಯಿಂದ ನೀವೇ ಸ್ಟಿರಾಯ್ಡ್ ತಂದು ಕೊಡಬೇಡಿ. ತುಟಿ ಉಗುರು ನೀಲಿಗಟ್ಟಿದರೆ, ಒಂದು ವಾಕ್ಯ ಪೂರ್ತಿ ಆಡಲಾರದಾದರೆ, ಮಂಪರಿನಲ್ಲಿ ಏನೇನೋ ಬಡಬಡಿಸಿದರೆ 108ಕ್ಕೆ ಫೋನ್ ಮಾಡಿ. ಮಲಗಿಸಬೇಡಿ, ಮುಂದಕ್ಕೆ ಬಾಗಿಸಿ ಕೂರಿಸಿ.

ಸಚಿವರೇ, ಇಷ್ಟೆಲ್ಲ ಕೇಳಿದ ಮೇಲೆ ಎಲ್ಲಿಂದ ಶುರು ಮಾಡುವುದು ಎಂದು ನಿಮ್ಮ ಅಧಿಕಾರಿಗಳು ಕೇಳಬಹುದು. ಒಂದು ಜಿಲ್ಲೆಯಿಂದ ಶುರು ಮಾಡಿ. ಕಳೆದ ಒಂದು ವರ್ಷದಲ್ಲಿ ಸಿಒಪಿಡಿ ಉಲ್ಬಣಕ್ಕೆ ಅಡ್ಮಿಟ್ ಆದವರ ಪಟ್ಟಿಯನ್ನು ಡಿಸ್ಚಾರ್ಜ್ ರಿಜಿಸ್ಟರಿನಿಂದ ತೆಗೆಸಿ, ಆಯಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿ. ಇನ್ನು ಮೇಲೆ ಡಿಸ್ಚಾರ್ಜ್ ಆಗುವ ಪ್ರತಿಯೊಬ್ಬರಿಗೂ ಒಂದು ವಾರದೊಳಗೆ ಫೋನ್ ಹೋಗಲಿ, ಎರಡು ವಾರದೊಳಗೆ ಸಮುದಾಯ ಆರೋಗ್ಯ ಅಧಿಕಾರಿ ಮನೆಗೆ ಹೋಗಿ ಇನ್‌ಹೇಲರ್ ಎಳೆಯುವುದನ್ನು ಕಣ್ಣಾರೆ ನೋಡಲಿ, ಬಚ್ಚಲ ಒಲೆಯನ್ನೂ ನೋಡಲಿ. ಡಿಸ್ಚಾರ್ಜ್ ಕಾರ್ಡು ಕನ್ನಡದಲ್ಲಿರಲಿ, ಮುಂದಿನ ಭೇಟಿಯ ತಾರೀಖು ಅದರಲ್ಲಿರಲಿ. ಮುಂಗಾರಿಗೆ ಮೊದಲು ಲಸಿಕೆ ಬೀಳಲಿ. ವರ್ಷ ಕಳೆದ ಮೇಲೆ ಆ ಜಿಲ್ಲೆಯಲ್ಲಿ ಎಷ್ಟು ಜನ ಮತ್ತೆ ಅಡ್ಮಿಟ್ ಆದರು ಎಂಬ ಲೆಕ್ಕವನ್ನು ಸಾರ್ವಜನಿಕವಾಗಿ ಪ್ರಕಟಿಸಿ.

ಇನ್‌ಹೇಲರ್ ಹಿಡಿಯುವುದನ್ನು ಆಶಾ ಕಾರ್ಯಕರ್ತೆಯರಿಗೂ ಹೊಸ ನರ್ಸ್‌ಗಳಿಗೂ ಕಲಿಸಲು ಜನ ಬೇಕಾದರೆ ನಾನು ಬರುತ್ತೇನೆ, ಸಂಬಳ ಬೇಡ, ಬಸ್ ಚಾರ್ಜೂ ಬೇಡ. ವಾರ್ಡುಗಳಲ್ಲಿ ಜೀವ ಸವೆಸಿ ನಿವೃತ್ತರಾದ ನನ್ನಂಥವರು ಪ್ರತಿ ಜಿಲ್ಲೆಯಲ್ಲೂ ಇದ್ದಾರೆ. ಕರೆದರೆ ಅವರೂ ಬರುತ್ತಾರೆ. ನಿಮ್ಮ ಉತ್ತರಕ್ಕಾಗಿ ಕಾಯುತ್ತಿರುತ್ತೇನೆ.

ಇಂತಿ ನಮಸ್ಕಾರಗಳೊಂದಿಗೆ,
ಒಬ್ಬ ನಿವೃತ್ತ ಸ್ಟಾಫ್ ನರ್ಸ್
ದಾವಣಗೆರೆ ಜಿಲ್ಲೆ